ಜ್ವರ ಬಿಟ್ಟ ಮೇಲೆ ಮಗನ ಕತ್ತು ಓರೆಯಾಗಿದೆ, ಉಳುಕು ತೆಗೆಸಬಹುದಾ?

ಮಳೆನಾಡಮ್ಮ, ಸೋಮವಾರಪೇಟೆ:
ಮಗನಿಗೆ 7 ವರ್ಷ. ಎರಡು ವಾರದ ಹಿಂದೆ ಗಂಟಲು ನೋವು, ಜ್ವರ. ಈ ಮಳೆಯಲ್ಲಿ ಯಾರಿಗಿಲ್ಲ ಅಂತ ಸುಮ್ನಿದ್ದೆವು, ಸಿರಪ್‌ಗೆ ಜ್ವರವೂ ಬಿಟ್ಟಿತು. ಆದರೆ ಆರು ದಿನದಿಂದ ತಲೆ ಎಡಕ್ಕೆ ವಾಲಿದೆ, ಗದ್ದ ಬಲಕ್ಕೆ ತಿರುಗಿದೆ. ಟಿವಿ ನೋಡಬೇಕಾದರೆ ಇಡೀ ಮೈ ತಿರುಗಿಸಿ ಕೂರುತ್ತಾನೆ, ರೇನ್‌ಕೋಟಿನ ಟೋಪಿ ಹಾಕಲು ಹೋದರೆ ಕಿರುಚುತ್ತಾನೆ. ಎಲ್ಲೂ ಬಿದ್ದಿಲ್ಲ. ತೋರಿಸಿದ ಡಾಕ್ಟರ್ ಓರೆಯಾಗಿ ಮಲಗಿರಬೇಕು ಅಂತ ಮುಲಾಮು ಕೊಟ್ಟರು. ಅತ್ತೆ ಉಳುಕು ತೆಗೆಯುವವರ ಹತ್ತಿರ ಒಂದು ಸಲ ಲಟಕ್ ಅನ್ನಿಸಿ ಅಂತಿದ್ದಾರೆ.

ಕಾಫಿಹೂ, ವಿರಾಜಪೇಟೆ:
ಅಕ್ಕ, ದಯವಿಟ್ಟು ಬೇಡ! ಎಣ್ಣೆ ಹಚ್ಚಿ ತೀಡುವುದೂ ಬೇಡ. ನನ್ನ ಮಗಳಿಗೆ ಟಾನ್ಸಿಲ್ ಆಪರೇಷನ್ ಆದ ವಾರಕ್ಕೆ ಹೀಗೇ ಆಗಿತ್ತು. ಗ್ರಿಸೆಲ್ ಸಿಂಡ್ರೋಮ್ ಅಂತಾರೆ. ಗಂಟಲಿನ ಸೋಂಕು, ಊತ ಅದರ ಹಿಂದೆಯೇ ಇರುವ ಕತ್ತಿನ ಮೊದಲ ಎರಡು ಮೂಳೆಗಳ ತನಕ ಹೋಗಿ, ಅವನ್ನು ಹಿಡಿದಿಟ್ಟ ಕಟ್ಟು ಸಡಿಲವಾಗುತ್ತದೆ, ಮೇಲಿನ ಮೂಳೆ ತಿರುಗಿ ಹಾಗೇ ಸಿಕ್ಕಿಕೊಳ್ಳುತ್ತದೆ. ಅದರೊಳಗೇ ಬೆನ್ನುಹುರಿ ಇರುವುದು, ಅಲ್ವಾ? ನಮಗೆ ಮೈಸೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗಲೇ ಗೊತ್ತಾಗಿದ್ದು.

ತೋಟದಣ್ಣ:
ನಮ್ಮ ಅಜ್ಜ ಎಷ್ಟು ಜನರ ಕತ್ತು ಸರಿ ಮಾಡಿದ್ದರು, ಯಾರಿಗೂ ಏನೂ ಆಗಲಿಲ್ಲ. ಈಗ ಎಲ್ಲದಕ್ಕೂ ಸ್ಕ್ಯಾನ್.

ಬಿಳಿಕೋಟು, ಮಡಿಕೇರಿ (ಮೂಳೆ ವಾರ್ಡಿನ ನರ್ಸ್):
ಅಣ್ಣ, ದೊಡ್ಡವರಿಗೆ ದಿಂಬು ಸರಿಯಾಗದೆ ಹಿಡಿದ ಕತ್ತು ತಾನಾಗೇ ಎರಡು ಮೂರು ದಿನದಲ್ಲಿ ಬಿಡುತ್ತದೆ, ಹೆಸರು ಅಜ್ಜನಿಗೆ. ಇದು ಬೇರೆ. ಅಕ್ಕ, ಇಲ್ಲಿ ದಿನದ ಲೆಕ್ಕವೇ ದೊಡ್ಡದು. ಮೊದಲ ವಾರದಲ್ಲಿ ಹಿಡಿದರೆ ಆಂಟಿಬಯಾಟಿಕ್, ನೋವು ಮತ್ತು ಊತದ ಔಷಧಿ, ಮೆತ್ತನೆ ಕಾಲರ್, ಇಷ್ಟಕ್ಕೇ ಹೆಚ್ಚಿನ ಮಕ್ಕಳಿಗೆ ಸರಿಹೋಗುತ್ತದೆ. ಅದಕ್ಕೆ ಬಗ್ಗದಿದ್ದರೆ ಅಡ್ಮಿಟ್ ಮಾಡಿ ಗದ್ದಕ್ಕೆ ಪಟ್ಟಿ ಕಟ್ಟಿ ಹಗುರ ತೂಕ ಇಳಿಬಿಟ್ಟು ನಿಧಾನವಾಗಿ ಎಳೆಯುತ್ತಾರೆ. ತಿಂಗಳು ದಾಟಿದರೆ ಕಷ್ಟ, ಕತ್ತು ಅಲುಗದಂತೆ ತಲೆಗೆ ಸುತ್ತ ರಿಂಗ್ ಬಿಗಿಯಬೇಕಾಗಬಹುದು, ಕೆಲವರಿಗೆ ಮೂಳೆ ಬೆಸೆಯುವ ಆಪರೇಷನ್ ಕೂಡ. ನಾಳೆಯೇ ಹೊರಡಿ. ಕೈಕಾಲು ಜೋಮು, ನಡಿಗೆ ತಪ್ಪುವುದು, ಜೊಲ್ಲು ಸುರಿಯುವುದು, ನುಂಗಲು ಉಸಿರಾಡಲು ಕಷ್ಟ ಏನಾದರೂ ಕಂಡರೆ ಈ ರಾತ್ರಿಯೇ.

ಮಳೆನಾಡಮ್ಮ:
ನಾಲ್ಕು ದಿನ ಆಯಿತು, ಹೇಳಲು ಬಂದೆ. ಸ್ಕ್ಯಾನಿನಲ್ಲಿ ಅದೇ ಬಂತು. ಮೂಳೆ ತಿರುಗಿದೆ, ಮುಂದಕ್ಕೆ ಜಾರಿಲ್ಲವಂತೆ. ಔಷಧಿ, ಕಾಲರ್ ಕೊಟ್ಟಿದ್ದಾರೆ, ವಾರ ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ. ನಿನ್ನೆ ಮೊದಲ ಸಲ ಅತ್ತೆ ಕರೆದಾಗ ಕತ್ತು ಚೂರು ಎಡಕ್ಕೆ ತಿರುಗಿಸಿದ. ಈ ತೇವಕ್ಕೆ ಕಾಲರ್ ಒಣಗುವುದೇ ಇಲ್ಲ, ಒಲೆ ಹತ್ತಿರ ಇಟ್ಟರೆ ಹಾಳಾಗುತ್ತಾ?

ಕಾಫಿಹೂ:
ಒಲೆ ಬೇಡ ಅಕ್ಕ. ಎರಡು ತಗೊಂಡು ಬದಲಾಯಿಸಿ ಹಾಕಿ, ಆದರೆ ಬಿಚ್ಚಿ ಹಾಕುವಾಗ ತಲೆ ಹೇಗೆ ಹಿಡಿಯಬೇಕು ಅಂತ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ.