996 ತಗೊಳ್ಳಲಾ, 997 ತಗೊಳ್ಳಲಾ? ಓಡಿಸಿದವರು ಅನುಭವ ಹೇಳಿ

ಹೊಸಬ, ಸ್ಟುಟ್‌ಗಾರ್ಟ್:
ಹಳೇ ಪೋರ್ಷೆ 911 ನೋಡುತ್ತಿದ್ದೇನೆ. 996, 997 ಅಂದರೆ ಅದರದೇ ಎರಡು ತಲೆಮಾರು. 40 ಸಾವಿರ ಯೂರೋ ಮೀರುವ ಹಾಗಿಲ್ಲ. 2000ದ 996 ಕರೆರಾ ಒಂದಿದೆ, 2006ರ 997 ಕರೆರಾ ಎಸ್ ಒಂದಿದೆ. ಎರಡೂ ಮ್ಯಾನ್ಯುವಲ್. ಐಎಂಎಸ್ ಬೇರಿಂಗ್ (ಇಂಜಿನ್ ಒಳಗಿನ ಮಧ್ಯದ ಶಾಫ್ಟಿನ ಬೇರಿಂಗ್, ಹೋದರೆ ಇಂಜಿನ್ನೇ ಹೋಗಬಹುದು) ಕಥೆಯೆಲ್ಲ ಓದಿ ಆಗಿದೆ. ಓಡಿಸುವಾಗ ಏನು ವ್ಯತ್ಯಾಸ? ದಿನಾ ನೋಡಿದರೂ ಬೇಸರ ಬಾರದ್ದು ಯಾವುದು? ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗಳು ಕೂರಬೇಕು.

ಹಾಸನದ ಗೌಡ:
ನನ್ನದು 996. 3.4 ಲೀಟರ್, 300 ಕುದುರೆ. ಕ್ಲಚ್ ಹೋಗಿತ್ತು. ಗೇರ್‌ಬಾಕ್ಸ್ ಇಳಿಸಿದಾಗಲೇ ಐಎಂಎಸ್ ಬೇರಿಂಗ್ ಕೈಗೆ ಸಿಗೋದು, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಾಯಿಸಲು ಕೊಟ್ಟೆ. ಗ್ಯಾರೇಜಿನವನು 2,900 ಅಂದಿದ್ದ. ಬಿಲ್ ಬಂದದ್ದು 4,180. ಕ್ಲಚ್ ಕಿಟ್ 640, ಫ್ಲೈವೀಲ್ 890, ಬೇರಿಂಗ್ 720, ಆಯಿಲ್ ಸೀಲ್ 38, ಉಳಿದದ್ದು ಎಣ್ಣೆ, ಕೂಲಿ. 'ಸಣ್ಣಪುಟ್ಟ ಸಾಮಾನು' ಅಂತ 94 ಯೂರೋ ಬೇರೆ. ಏನಪ್ಪಾ ಅದು ಅಂದರೆ ಒರೆಸುವ ಬಟ್ಟೆ, ಸ್ಪ್ರೇ ಅಂತೆ! ಮನೆಗೆ ತಂದು ನಿಲ್ಲಿಸಿದರೆ ಅದೇ 38 ಯೂರೋ ಸೀಲ್ ಹತ್ತಿರ ಎಣ್ಣೆ ಜಿನುಗುತ್ತಿತ್ತು. ವಾಪಸ್ ಹೋದರೆ "ಹಳೇ ಗಾಡಿ ಅಲ್ವಾ" ಅಂತ ಕೈ ಒರೆಸಿಕೊಂಡ.

ಆದರೂ ಮಾರಲ್ಲ. ಸ್ಟೀರಿಂಗ್ ಹೈಡ್ರಾಲಿಕ್. ರಸ್ತೆ ಮೇಲಿನ ತೇಪೆ, ಬಿರುಕು ಎಲ್ಲ ಅಂಗೈಗೆ ಗೊತ್ತಾಗುತ್ತದೆ. ಇಂಜಿನ್ ಹಿಂದಿನ ಆಕ್ಸಲ್‌ಗಿಂತ ಹಿಂದೆ ಇರುವುದರಿಂದ ಮೂತಿ ಹಗುರ. ಎ81 ಹೆದ್ದಾರಿಯಲ್ಲಿ ವೇಗ 200 ದಾಟಿದ ಮೇಲೆ ಅಡ್ಡಗಾಳಿ ಬಂದರೆ ಮೂತಿ ಅಲ್ಲಾಡುತ್ತದೆ. ತಿರುವಿಗೆ ಮುಂಚೆ ಸ್ವಲ್ಪ ಬ್ರೇಕ್ ಒತ್ತಿ, ಮುಂದಿನ ಟೈರ್ ಮೇಲೆ ಭಾರ ಹಾಕಿ, ಆಮೇಲೆ ತಿರುಗಿಸಬೇಕು. ಆಗ ನೋಡಿ ಮಜಾ.

ಮ್ಯೂನಿಕ್ ಭಟ್ಟ:
ಇಷ್ಟೆಲ್ಲ ಗೋಳು ಯಾಕೆ? 2009ರ ಮಾಡೆಲ್‌ನ ಕರೆರಾ ಇಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಇಲ್ಲದ ಬೇರಿಂಗ್ ಹೋಗೋದು ಹೇಗೆ? ನಾನು 54 ಸಾವಿರ ಕೊಟ್ಟು 997.2 ಎಸ್ (997ರ ಎರಡನೇ ಕಂತು) ತಗೊಂಡೆ, ಪಿಡಿಕೆ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಖರ್ಚು ಅಂದರೆ ಟೈರು. ಮುಂದೆ 235/35, ಹಿಂದೆ 295/30, 19 ಇಂಚು, ಪೋರ್ಷೆ ಒಪ್ಪಿದ ಎನ್ ಮಾರ್ಕ್ ಇರುವುದೇ ಬೇಕು. ನಾಲ್ಕಕ್ಕೆ 1,360. ಹಿಂದಿನವು ಬೇಗ ಸವೆಯುತ್ತವೆ, ಅದಕ್ಕೆ ಹಿಂದಿನ ಜೋಡಿ ಮತ್ತೊಂದು ಸಲ, 790. ನೆಲಮಾಳಿಗೆ ಪಾರ್ಕಿಂಗ್ ತಿಂಗಳಿಗೆ 120. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವಾಗ ಗಾಡಿ ಹೊರಗೇ ಬರಲ್ಲ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸೀಸನ್ ನಂಬರ್ ಪ್ಲೇಟ್ ಮಾಡಿಸಿದ್ದೇನೆ.

ಹಾಸನದ ಗೌಡ:
ಭಟ್ರೇ, ಅವರು ಕೇಳಿದ್ದು 40ರೊಳಗೆ. ಮ್ಯಾನ್ಯುವಲ್. ಎರಡೇ ಪೆಡಲ್ ಇರುವ ಗಾಡಿಯಲ್ಲಿ ಕೂತು ಓಡಿಸುವ ಸುಖದ ಬಗ್ಗೆ ಹೇಳ್ತೀರಲ್ಲ, ನಿಮ್ಮ ಧೈರ್ಯ ಮೆಚ್ಚಬೇಕು.

ಮ್ಯೂನಿಕ್ ಭಟ್ಟ:
1980ರ ದಶಕದಲ್ಲೇ 956, 962 ರೇಸ್ ಕಾರುಗಳಲ್ಲಿ ಪಿಡಿಕೆ ಹಾಕಿ ನೋಡಿದ್ದರು. ಆ ಡ್ರೈವರ್‌ಗಳಿಗೂ ಗೇರ್ ಹಾಕೋಕೆ ಬರ್ತಿರಲಿಲ್ವಾ? ಎಣ್ಣೆ ಜಿನುಗುತ್ತಿದೆಯಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

ಗಾಳಿ ಅಂಕಲ್, 993:
ಚೆಂದದ ಮಾತು ಯಾರೂ ಎತ್ತಲೇ ಇಲ್ಲ. ಮೊದಲ 996ರ ದೀಪ ಬಾಕ್ಸ್‌ಸ್ಟರ್ ಜೊತೆ ಹಂಚಿಕೊಂಡದ್ದು. ಹೆಡ್‌ಲೈಟ್, ಇಂಡಿಕೇಟರ್ ಎಲ್ಲ ಒಂದೇ ಗಾಜಿನಡಿ. ಬಾಣಲೆಯಲ್ಲಿ ಹಳದಿ ಒಡೆದ ಮೊಟ್ಟೆ ಇದ್ದ ಹಾಗೆ. 997ರಲ್ಲಿ ಉರುಟು ದೀಪ ವಾಪಸ್ ತಂದರು, ಇಂಡಿಕೇಟರ್ ಕೆಳಗೆ ಬೇರೆ ಇಟ್ಟರು. ತಪ್ಪು ಅಂತ ಅವರಿಗೇ ಗೊತ್ತಾಗಿತ್ತು ಅಂತಾಯ್ತಲ್ಲ? ನನ್ನ 993ರ (996ಕ್ಕಿಂತ ಹಿಂದಿನ 911) ಸೈಡ್ ಕನ್ನಡಿಯಲ್ಲಿ ಹಿಂದಿನ ಮಡ್‌ಗಾರ್ಡ್ ಉಬ್ಬು ಕಾಣುತ್ತದೆ. ಅದಕ್ಕೇ ಅರ್ಧ ದುಡ್ಡು. ಬೆಲೆ ಏರುವ ಮೊದಲೇ ತಗೊಂಡವನು ನಾನು. ಆಗ ನಕ್ಕವರು ಈಗ ಫೋನ್ ಮಾಡಿ "ಕೊಡ್ತೀರಾ" ಅಂತಾರೆ. 1998ಕ್ಕೆ ಏರ್‌ಕೂಲ್ಡ್, ಅಂದರೆ ಗಾಳಿಯಿಂದ ತಂಪಾಗುವ ಇಂಜಿನ್, ಮುಗಿಯಿತು. ಆಮೇಲಿನವು ಒಳ್ಳೇ ಕಾರುಗಳೇ, ಆದರೆ 911 ಅಲ್ಲ.

ಹಾಸನದ ಗೌಡ:
ಅಂಕಲ್, 1998ರಲ್ಲಿ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ 911 ಜಿಟಿ1ಗೆ ತಂಪು ಕೊಟ್ಟದ್ದು ನೀರೇ. ಅದರ ಮೂತಿಯಲ್ಲೂ ಇದೇ ಮೊಟ್ಟೆ ದೀಪ.

ಗಾಳಿ ಅಂಕಲ್, 993:
ಅದರಲ್ಲಿ ಇಂಜಿನ್ ಇದ್ದದ್ದು ನಡುವೆ. ಹೆಸರು ಅಂಟಿಸಿದರೆ 911 ಆಗಲ್ಲ.

ಕುಂದಾಪುರದ ಮಾಣಿ:
ಮಾರಾಯ್ರೆ, 2006ರ 3.8 ಎಸ್ ಅಂದರೆ ಮೊದಲು ಆರೂ ಸಿಲಿಂಡರಿಗೆ ಎಂಡೋಸ್ಕೋಪ್ (ಸಣ್ಣ ಕ್ಯಾಮೆರಾ) ಹಾಕಿಸಿ, ಒಳಗೋಡೆಯಲ್ಲಿ ಗೀರು ಬಿದ್ದಿದೆಯಾ ನೋಡಿಸಿ. ಒಂದೇ ಕಡೆಯ ಸೈಲೆನ್ಸರ್ ಪೈಪ್ ಜಾಸ್ತಿ ಕಪ್ಪಾಗಿದ್ದರೆ ಎದ್ದು ಬನ್ನಿ. ನಾನು 350 ಯೂರೋ ಕೊಟ್ಟು ನೋಡಿಸಿಯೇ ತಗೊಂಡದ್ದು, ಇಂಜಿನ್ ಚೊಕ್ಕ ಇತ್ತು. ಗಾಡಿ ಹೋದದ್ದು ನೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ, ಸಾರ್ವಜನಿಕರನ್ನು ಬಿಡುವ ದಿನ. ಮುಂದಿದ್ದ ಪುಣ್ಯಾತ್ಮ ತಿರುವಿನ ಮಧ್ಯೆ ಬ್ರೇಕ್ ಹೊಡೆದ. ನಾನು ಆಕ್ಸಿಲರೇಟರ್ ಬಿಡಲೇಬೇಕಾಯ್ತು. ಬಿಟ್ಟದ್ದೇ ತಡ, ಹಿಂಭಾಗ ಸುತ್ತಿಕೊಂಡು ಬಂತು. ಹಿಂದಿನ ಬಂಪರ್, ಎಡಗಡೆ ಪ್ಯಾನಲ್, ಎರಡು ರಿಮ್, ಸಸ್ಪೆನ್ಷನ್ ಆರ್ಮ್ ಸೇರಿ 11,400. ಎಳೆದು ತಂದ ಟ್ರಕ್ಕಿಗೆ ಬೇರೆ. ವಿಮೆಯವರು ಷರತ್ತು ತೋರಿಸಿ ಒಂದು ಸೆಂಟೂ ಕೊಡಲಿಲ್ಲ. ಅದೇ ಬೆಳಿಗ್ಗೆ 8 ನಿಮಿಷ 20 ಸೆಕೆಂಡಿನ ಲ್ಯಾಪ್ ಹಾಕಿದ್ದೆ, ಅದನ್ನು ಯಾರೂ ಕಿತ್ತುಕೊಳ್ಳಲು ಆಗಲ್ಲ.

ಮ್ಯೂನಿಕ್ ಭಟ್ಟ:
ಪ್ರವಾಸಿಗರ ದಿನ ಟೈಮ್ ಹಿಡಿಯುವ ಹಾಗೇ ಇಲ್ಲ. ಅಲ್ಲದೆ ಆ ದಿನ 20.8 ಕಿ.ಮೀ. ಟ್ರ್ಯಾಕ್ ಪೂರ್ತಿ ಎಲ್ಲಿ ಸಿಗುತ್ತದೆ? ಒಳಗೆ ಹೋಗುವುದೂ ಹೊರಗೆ ಬರುವುದೂ ಉದ್ದದ ನೇರ ರಸ್ತೆಯಲ್ಲೇ. ಸೇತುವೆಯಿಂದ ಗ್ಯಾಂಟ್ರಿವರೆಗೆ (ಟ್ರ್ಯಾಕಿಗೆ ಅಡ್ಡಲಾಗಿ ನಿಂತ ಕಮಾನು) 19 ಚಿಲ್ಲರೆ ಕಿ.ಮೀ. ಅಷ್ಟೇ.

ಹೊಸಬ, ಸ್ಟುಟ್‌ಗಾರ್ಟ್:
ಮಗಳು ಹಿಂದೆ ಕೂರಬಹುದಾ, ಹೇಳಿ?

ಕುಂದಾಪುರದ ಮಾಣಿ:
ಸೇತುವೆಯಿಂದ ಗ್ಯಾಂಟ್ರಿವರೆಗೆ ಅಂತಲೇ ನಾನೂ ಹೇಳಿದ್ದು. ಎಲ್ಲರೂ ಹಾಗೇ ಲೆಕ್ಕ ಹಾಕೋದು. ನಿಮ್ಮದು ಎಷ್ಟು, ಅದನ್ನು ಹೇಳಿ ಭಟ್ರೇ.

ಮ್ಯೂನಿಕ್ ಭಟ್ಟ:
ನಾನು ಅಲ್ಲಿಗೆ ಗಾಡಿ ತಗೊಂಡು ಹೋಗಲ್ಲ.

ಕುಂದಾಪುರದ ಮಾಣಿ:
ಹಾಗಾದರೆ ಸುಮ್ನೆ ಕೂತ್ಕೊಳ್ಳಿ.