ಸಹಾಯ ಬೇಕು: ಡಿಸ್ಲೆಕ್ಸಿಯಾ ಇರುವ ಮಗನಿಗೆ ಕಂಪ್ಯೂಟರ್‌ನಲ್ಲಿ ಕನ್ನಡ ಪಾಠ

ಎಲ್ಲರಿಗೂ ನಮಸ್ಕಾರ. ನಾವು ಯಾದಗಿರಿ ಜಿಲ್ಲೆಯ ಶಹಾಪುರದವರು. ಹತ್ತು ವರ್ಷದ ಮಗನಿಗೆ ಡಿಸ್ಲೆಕ್ಸಿಯಾ (ಬುದ್ಧಿ ಚುರುಕಾಗಿದ್ದರೂ ಓದು-ಬರಹ ಕಷ್ಟವಾಗುವ ತೊಂದರೆ) ಇದೆ ಎಂದು ಬೆಂಗಳೂರಿನಲ್ಲಿ ಪರೀಕ್ಷಿಸಿ ಹೇಳಿದ್ದಾರೆ. ಅಜ್ಜನ ಪಕ್ಕ ಕುಳಿತರೆ ತೊಗರಿ ಕ್ವಿಂಟಲ್‌ಗಳ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಾನೆ. ಒಮ್ಮೆ ಕೇಳಿದ ಕಥೆಯನ್ನು ಚಾಚೂ ತಪ್ಪದೆ ಹೇಳುತ್ತಾನೆ. ಪುಸ್ತಕ ತೆರೆದರೆ ಮಾತ್ರ ‘ಮ’ ಮತ್ತು ‘ವ’ ಅದಲುಬದಲಾಗುತ್ತವೆ, ಒತ್ತಕ್ಷರ ಬಂದಲ್ಲಿ ಬೆರಳು ನಿಂತುಬಿಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಕಲಿಕಾ ನ್ಯೂನತೆಯೂ ಸೇರಿದೆ. ಆದರೂ ಶಾಲೆಯಲ್ಲಿ ಅವನಿಗೆ ಸಿಕ್ಕ ಹೆಸರು ಸೋಮಾರಿ. ಈ ಅನ್ಯಾಯ ಸಹಿಸಲಾಗದೆ ಮನೆಯಲ್ಲೇ ಕಲಿಸುತ್ತಿದ್ದೇವೆ.

ಶಾಲಾ ಪಾಠಗಳಿರುವ ಸರ್ಕಾರದ ದೀಕ್ಷಾ ಆ್ಯಪ್‌ನ ವಿಡಿಯೊಗಳನ್ನು ಖುಷಿಯಿಂದ ನೋಡುತ್ತಾನೆ, ಆದರೆ ಅದರಿಂದ ಓದು ಬರುತ್ತಿಲ್ಲ. ಇಂಗ್ಲಿಷ್‌ನಲ್ಲಿ ಇಂಥ ಮಕ್ಕಳಿಗೆ ತಂತ್ರಾಂಶಗಳು ಬೇಕಾದಷ್ಟಿವೆ. ಅವು ಕಾಗುಣಿತ ಕಲಿಸುವುದಿಲ್ಲ. ಪಠ್ಯಪುಸ್ತಕದ ಪಿಡಿಎಫ್ ಅನ್ನು ಕಂಪ್ಯೂಟರ್‌ನಿಂದ ಓದಿಸಲು ಹೋದರೆ, ಹಳೆಯ ನುಡಿ ಫಾಂಟ್‌ನಲ್ಲಿರುವ ಪಠ್ಯ ಅರ್ಥವಿಲ್ಲದ ಚಿಹ್ನೆಗಳಾಗಿ ಹೊರಬರುತ್ತದೆ. ಅದೇ ಪಾಠವನ್ನು ನಾನು ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತ) ಟೈಪ್ ಮಾಡಿ, ದೊಡ್ಡ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಕೊಟ್ಟಾಗ ಧ್ವನಿಯ ಜೊತೆಗೆ ತಾನೂ ಓದಿದ! ಇಡೀ ಪುಸ್ತಕಗಳನ್ನು ಹೀಗೆ ಟೈಪ್ ಮಾಡುವುದು ನನ್ನೊಬ್ಬಳಿಂದ ಆಗದ ಕೆಲಸ.

ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಐದನೇ ತರಗತಿಗೆ ಸಮನಾದ ‘ಬಿ’ ಹಂತಕ್ಕೆ ಸೇರಿಸುವ ಯೋಚನೆಯಿದೆ.

ಕಾಗುಣಿತ, ಒತ್ತಕ್ಷರಗಳನ್ನು ಹಂತ ಹಂತವಾಗಿ, ಧ್ವನಿಯೊಂದಿಗೆ ಕಲಿಸುವ ಕನ್ನಡ ತಂತ್ರಾಂಶವನ್ನು ಯಾರಾದರೂ ಬಳಸಿದ್ದೀರಾ? ನಾಲ್ಕು ಮತ್ತು ಐದನೇ ತರಗತಿಯ ಪಾಠಗಳು ಯೂನಿಕೋಡ್‌ನಲ್ಲಿ ಎಲ್ಲಿ ಸಿಗುತ್ತವೆ? ಕಲಬುರಗಿ ಅಥವಾ ಯಾದಗಿರಿಯಲ್ಲಿ ಇಂಥ ಮಕ್ಕಳಿಗೆ ಕಲಿಸಿದ ಶಿಕ್ಷಕರಿದ್ದರೆ ದಯವಿಟ್ಟು ಉತ್ತರಿಸಿ.