ಅಂಕ ಜಾಸ್ತಿ ಬಂದ ಮೆಷಿನ್‌ನಲ್ಲೇ ಕೆಲಸ ತಡ, ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಬೇರೆ ಬೇರೆ ವರ್ಷ ಕೊಂಡ 30 ಕಂಪ್ಯೂಟರ್‌ಗಳಿವೆ. ರಾತ್ರಿ ಹೊತ್ತು ಅವುಗಳಿಗೆ ಭೌತಶಾಸ್ತ್ರದ ಸಿಮ್ಯುಲೇಷನ್ ಹಂಚುತ್ತೇವೆ. ಯಾವುದಕ್ಕೆ ಎಷ್ಟು ಕೊಡಬೇಕು ಅಂತ ತಿಳಿಯಲು ನಾನೇ ಒಂದು ಬೆಂಚ್‌ಮಾರ್ಕ್ (ವೇಗ ಅಳೆಯುವ ಪ್ರೋಗ್ರಾಂ) ಬರೆದಿದ್ದೇನೆ. ಪ್ರೊಸೆಸರ್‌ನ ಒಂದು ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ 20 ಸೆಕೆಂಡ್ ಬರೀ ಗುಣಾಕಾರ ಮಾಡಿ ಅಂಕ ಕೊಡುತ್ತದೆ. ಹೊಸ ಮೆಷಿನ್‌ಗೆ ಹಳೆಯದರ ಎರಡರಷ್ಟು ಅಂಕ, ಹಾಗಾಗಿ ಎರಡರಷ್ಟು ಕೆಲಸ. ಬೆಳಿಗ್ಗೆ ನೋಡಿದರೆ ಉಳಿದವೆಲ್ಲ ಮುಗಿಸಿರುತ್ತವೆ, ಇದು ಮಾತ್ರ ಓಡುತ್ತಲೇ ಇರುತ್ತದೆ. ಮುಂದಿನ ಆವೃತ್ತಿಯಲ್ಲಿ ಮೊದಲು ಏನು ಸರಿಮಾಡಲಿ? ಜಿಪಿಯು (ಗ್ರಾಫಿಕ್ಸ್ ಚಿಪ್) ಅಳತೆ ಸೇರಿಸಲಾ?

ಉತ್ತರ: ನಿಮ್ಮ ಸಿಮ್ಯುಲೇಷನ್ ಜಿಪಿಯು ಬಳಸದಿದ್ದರೆ ಅದನ್ನು ಅಳೆದು ಏನು ಮಾಡುತ್ತೀರಿ? ಸುಮ್ನೆ ಕೆಲಸ.

20 ಸೆಕೆಂಡ್‌ನಲ್ಲಿ ಪ್ರೊಸೆಸರ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಒಂದೇ ಕೋರ್ ದುಡಿಯುವಾಗ ಅದಕ್ಕೆ ಟರ್ಬೊ ವೇಗವೂ, ಅಂದರೆ ಮಾಮೂಲಿಗಿಂತ ಹೆಚ್ಚಿನ ವೇಗವೂ ಸಿಗುತ್ತದೆ. ರಾತ್ರಿಯಿಡೀ ಎಲ್ಲ ಕೋರ್ ಓಡುವಾಗ ಆ ವೇಗ ಇರುವುದಿಲ್ಲ. ಮೇಲಾಗಿ ನಿಮ್ಮ ಗುಣಾಕಾರ ಪೂರ್ತಿ ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ ವೇಗದ ಮೆಮೊರಿ) ಒಳಗೇ ಮುಗಿಯುತ್ತದೆ. ಸಿಮ್ಯುಲೇಷನ್ ಹಾಗಲ್ಲ ಅಲ್ವಾ, ಮತ್ತೆ ಮತ್ತೆ ಹೊರಗಿನ ಮೆಮೊರಿಗೆ, ಅಂದರೆ ರ್‍ಯಾಮ್‌ಗೆ ಹೋಗುತ್ತದೆ. ಎಲ್ಲ ಕೋರ್ ಒಟ್ಟಿಗೆ ಹೋದರೆ, ಒಂದೇ ನಲ್ಲಿ ಮುಂದೆ ಇಡೀ ಬೀದಿ ಬಿಂದಿಗೆ ಹಿಡಿದು ನಿಂತ ಹಾಗೆ.

ಜಿನೀವಾ ಬಳಿಯ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನವರೂ ಇಂಥದ್ದನ್ನೇ ಎದುರಿಸಿದರು. ಅವರ ಲೆಕ್ಕಗಳು ಹಲವು ದೇಶಗಳ ಕೇಂದ್ರಗಳಲ್ಲಿ ಓಡುತ್ತವೆ, ನಮ್ಮ ಮುಂಬೈನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಕೂಡ ಅದರಲ್ಲಿದೆ. 2009ರಿಂದ ಎಚ್‌ಎಸ್06 ಎಂಬ ಅಳತೆ ಇತ್ತು, ಸ್ಪೆಕ್ ಸಿಪಿಯು 2006 ಎಂಬ ಸಾಮಾನ್ಯ ಬೆಂಚ್‌ಮಾರ್ಕ್ ಗುಚ್ಛದಿಂದ ಆಯ್ದದ್ದು. ಪ್ರಯೋಗಗಳ ಕೋಡ್ ಬದಲಾಗುತ್ತಾ ಹೋಯಿತು, ಅಳತೆ ಹಳೆಯದಾಗಿ ಉಳಿಯಿತು. ಕೊನೆಗೆ 2023ರಲ್ಲಿ ಹೆಪ್‌ಸ್ಕೋರ್23 ತಂದರು. ಅದರಲ್ಲಿರುವುದು ಪ್ರಯೋಗಗಳದೇ 7 ನಿಜವಾದ ಕೆಲಸಗಳು, ಎಲ್ಲ ಮೆಷಿನ್‌ನಲ್ಲೂ ಒಂದೇ ಥರ ಓಡುವಂತೆ ಕಂಟೇನರ್ ಎಂಬ ಸಾಫ್ಟ್‌ವೇರ್ ಡಬ್ಬಿಯಲ್ಲಿ ಕಟ್ಟಿಟ್ಟದ್ದು.

ನೀವೂ ನಿಮ್ಮ ಸಿಮ್ಯುಲೇಷನ್‌ನ ಒಂದು ತುಂಡನ್ನೇ ಬೆಂಚ್‌ಮಾರ್ಕ್ ಮಾಡಿ. ರ್‍ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಅಂಕಿ) ಬದಲಿಸಬೇಡಿ, ಆಗ ಎಲ್ಲ ಸಲವೂ ಒಂದೇ ಲೆಕ್ಕ ಓಡುತ್ತದೆ. ಎಷ್ಟು ಕೋರ್ ಇದೆಯೋ ಆ ತುಂಡಿನ ಅಷ್ಟು ಪ್ರತಿಗಳನ್ನು ಒಟ್ಟಿಗೆ ಓಡಿಸಿ, ಅರ್ಧ ಗಂಟೆಯಾದರೂ. ಮೂರು ಸಲ ಅಳೆದು ನಡುವಿನದನ್ನು ತಗೊಳ್ಳಿ. ಬರೀ ಅಂಕ ಅಲ್ಲ, ತಾಪಮಾನ, ಕ್ಲಾಕ್ ವೇಗ, ರ್‍ಯಾಮ್ ವಿವರವನ್ನೂ ಬರೆದಿಡಿ.

ಅಂದಹಾಗೆ, ಹೊಸ ಮೆಷಿನ್‌ನಲ್ಲಿ ರ್‍ಯಾಮ್ ಸ್ಟಿಕ್ ಎಷ್ಟಿವೆ?

ಪ್ರಶ್ನೆ: ಈಗ ತೆಗೆದು ನೋಡಿದೆ ಮೇಡಂ. 16 ಜಿಬಿಯ ಒಂದೇ ಸ್ಟಿಕ್. ಹಳೆಯದರಲ್ಲಿ 4 ಜಿಬಿಯ ಎರಡು.

ಉತ್ತರ: ನನಗೆ ಅದೇ ಅನುಮಾನ ಇತ್ತು. ಒಂದೇ ಸ್ಟಿಕ್ ಅಂದರೆ ಒಂದೇ ಚಾನೆಲ್, ಮೆಮೊರಿಗೆ ಹೋಗಲು ಒಂದೇ ದಾರಿ. ಅಂಥದ್ದೇ ಇನ್ನೊಂದು ಹಾಕಿಸಿ. ಆದರೆ ಹಾಕಿಸುವ ಮುಂಚೆ ಹೊಸ ಅಳತೆ ಒಮ್ಮೆ ಓಡಿಸಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ.